ಹಗುರ ಕೋವಿ

ಹೊಗೆಬೆಟ್ಟದ ಬುಡದಲ್ಲಿ, ಹೊಳೆ ಮೊಣಕೈ ಮಡಿಸಿದ ಹಾಗೆ ತಿರುಗುವ ಕಡೆ, ಕೋವಿ ಅಯ್ಯನವರ ಆಶ್ರಮವಿತ್ತು. ಆಶ್ರಮವೆಂದರೆ ಒಂದು ಕಲ್ಲುಮಂಟಪ, ಅದಕ್ಕೆ ಆತುಕೊಂಡ ಒಂದು ಹುಲ್ಲಿನ ಗುಡಿಸಲು, ಅಷ್ಟೆ.

ಅಯ್ಯನವರು ಒಂದು ಕಾಲಕ್ಕೆ ಅರಮನೆಯ ಬೇಟೆಗಾರರು. ವಯಸ್ಸಾದ ಮೇಲೆ ಕಾವಿ ಉಟ್ಟು ಇಲ್ಲಿ ಬಂದು ಕೂತಿದ್ದರು. ಕಾವಿ ಬಂದರೂ ಕೋವಿ ಹೋಗಲಿಲ್ಲ ಎಂದು ಜನ ಆಡಿಕೊಳ್ಳುತ್ತಿದ್ದರು. ಕಲಿಯಬೇಕೆಂದು ಬಂದವರಿಗೆ ಗುರಿ ಕಲಿಸುತ್ತಿದ್ದರು.

ಚೌಡನಾಯಕ ಅಲ್ಲಿಗೆ ಬಂದದ್ದು ಒಂದೇ ಕಾರಣಕ್ಕೆ. ಬೆಟ್ಟದ ಹುಲಿ ಅವನ ಅಕ್ಕನನ್ನು ಒಯ್ದಿತ್ತು.

ತಾಯಿ ಇಲ್ಲದ ಅವನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದವಳು ಅವಳು. ಸೌದೆಗೆ ಹೋದವಳು ಹಿಂದಿರುಗಲಿಲ್ಲ. ಹುಡುಕಿದವರಿಗೆ ಒಂದು ಗಾಜಿನ ಬಳೆ, ಅರ್ಧ ಕಟ್ಟಿದ ಸೌದೆ ಹೊರೆ ಸಿಕ್ಕಿತು. ಆ ಹುಲಿಗೆ ಸಿಕ್ಕವರಲ್ಲಿ ಅವಳು ಹನ್ನೊಂದನೆಯವಳು.

ಹುಲಿ ಕುಂಟು. ನಾಲ್ಕು ವರ್ಷದ ಹಿಂದೆ ಯಾವನೋ ಪರದೇಶದ ದೊರೆ ಗಾಯ ಮಾಡಿ ಬಿಟ್ಟು ಹೋದನಂತೆ. ಅಂದಿನಿಂದ ಅದಕ್ಕೆ ಜಿಂಕೆ ಸಿಗುವುದು ನಿಂತಿತು. ಗುಂಡಿನ ಪೆಟ್ಟು ತಿಂದಿದ್ದರಿಂದ ಮರದ ಮೇಲೆ ಕಟ್ಟಿದ ಮಚಾನಿನ ಕೆಳಗೆ ಬಾರದು, ಕಟ್ಟಿದ ಕುರಿಯನ್ನು ಮುಟ್ಟದು. ಬೆಳಗಿನ ಹೊತ್ತು ಕೋಣನ ಕಮರಿಯ ಆಚೆ ದಡದ ಬಂಡೆಯ ಮೇಲೆ ಬಿಸಿಲು ಕಾಯಿಸುವುದು. ಅದನ್ನು ಕಂಡವರೆಲ್ಲ ಕಂಡದ್ದು ಅಲ್ಲೇ.

ಆ ಕಮರಿಗೆ ಎರಡು ದಿನದ ಏರು. ಎತ್ತು ಹೋಗದು, ಕತ್ತೆಯೂ ಹೋಗದು. ನೀರು, ಹಿಟ್ಟು, ಕಂಬಳಿ, ಕೋವಿ ಎಲ್ಲವೂ ಒಬ್ಬನ ಬೆನ್ನ ಮೇಲೆಯೇ ಹೋಗಬೇಕು.

"ಹಗುರವಾದ ಕೋವಿ ಬೇಕು ಅಯ್ಯಾ," ಎಂದ ಚೌಡ. "ದೂರಕ್ಕೆ ಹೊಡೆಯೋವಂಥದ್ದು. ಮೇಲೆ ದುರ್ಬೀನು ಕೂರಿಸಿರೋದು. ನಿಮ್ಮ ಹತ್ತಿರ ಇದೆಯಂತೆ."

"ಯಾರು ಹೇಳಿದರು?"

"ಎಲ್ಲರೂ ಹೇಳ್ತಾರೆ."

"ಎಲ್ಲರೂ ಹೇಳಿದ್ದನ್ನ ನಂಬೋನಾ ನೀನು?"

"ಇಲ್ಲ," ಎಂದ ಚೌಡ. ಅದು ನಿಜವಾಗಿತ್ತು. ಅವನು ಯಾರನ್ನೂ ಸುಲಭಕ್ಕೆ ನಂಬುವವನಲ್ಲ. ದಾರಿ ಕೇಳಿದರೂ ಇಬ್ಬರನ್ನು ಕೇಳುವವನು.

"ಹಾಗಾದರೆ ಇರು," ಎಂದರು ಅಯ್ಯನವರು.

ಮರುದಿನ ಕೋವಿಯ ಮಾತೇ ಇಲ್ಲ. ಅಯ್ಯನವರು ಒಂದು ಗೋಣಿಚೀಲ ಕೊಟ್ಟರು. ಅದರೊಳಗೆ ಹೊಳೆಯ ಒಂದು ಉರುಟು ಕಲ್ಲು.

"ಹೊತ್ಕೊಂಡು ಎದುರಿನ ಗುಡ್ಡದ ನೆತ್ತಿಗೆ ಹೋಗು. ಮೇಲೆ ಮುಟ್ಟಿದ ತಕ್ಷಣ, ಕೂರದೆ, ಈ ಸೂಜಿಗೆ ದಾರ ಪೋಣಿಸು. ಕಲ್ಲು ಅಲ್ಲೇ ಹಾಕಿ ಬಾ."

ಚೌಡ ಹತ್ತಿದ. ನೆತ್ತಿಯಲ್ಲಿ ನಿಂತಾಗ ಎದೆ ತಿದಿಯ ಹಾಗೆ ಹೊಡೆದುಕೊಳ್ಳುತ್ತಿತ್ತು. ದಾರದ ತುದಿ ಸೂಜಿಯ ಕಣ್ಣಿನ ಅತ್ತ ಇತ್ತ ಹೋಯಿತೇ ಹೊರತು ಒಳಗೆ ಹೋಗಲಿಲ್ಲ.

ಅಲ್ಲಿ ಅವನಿಗೆ ಇನ್ನೊಂದು ಕಾಣಿಸಿತು. ನೆತ್ತಿಯ ಮೇಲೆ ಆಗಲೇ ಇಂಥವೇ ಹೊಳೆಕಲ್ಲುಗಳ ಒಂದು ಗೋಡೆ ಮೊಣಕಾಲೆತ್ತರಕ್ಕೆ ಎದ್ದಿತ್ತು.

ಓಹೋ, ಅಂದುಕೊಂಡ ಚೌಡ. ಮುದುಕ ಬಿಟ್ಟಿ ಆಳು ಹಿಡಿದಿದ್ದಾನೆ.

ಎರಡನೆಯ ದಿನದ ಕಲ್ಲು ಸ್ವಲ್ಪ ಸಣ್ಣದು. ಮೂರನೆಯ ದಿನದ್ದು ಇನ್ನೂ ಸಣ್ಣದು. ನಾಲ್ಕನೆಯ ದಿನ ಮತ್ತೆ ದೊಡ್ಡದು. ಹೀಗೇ ಹನ್ನೆರಡು ದಿನ.

ಹದಿಮೂರನೆಯ ದಿನ ಚೌಡನಿಗೆ ಸಾಕಾಯಿತು. ಗುಡ್ಡದ ಬುಡದ ನೆರಳಲ್ಲೇ ಕೂತು ಸೂಜಿಗೆ ದಾರ ಪೋಣಿಸಿದ. ಆಮೇಲೆ ನಿಧಾನವಾಗಿ ಹತ್ತಿ ಇಳಿದು ಬಂದು ಅಯ್ಯನವರ ಕೈಯಲ್ಲಿಟ್ಟ.

ಅಯ್ಯನವರು ದಾರವನ್ನು ಎರಡು ಬೆರಳ ನಡುವೆ ಎಳೆದು ನೋಡಿದರು.

"ಬೆವರು ತಾಗಿಲ್ಲವಲ್ಲ," ಎಂದರು.

ಚೌಡ ತಲೆ ತಗ್ಗಿಸಿದ. ಆದರೆ ಬಾಯಿ ಸುಮ್ಮನಿರಲಿಲ್ಲ. "ಗೋಡೆ ಕಟ್ಟಿಸೋದಿದ್ದರೆ ಹೇಳಿಬಿಡಿ ಅಯ್ಯಾ. ಕಟ್ಟಿಕೊಟ್ಟು ಹೋಗ್ತೀನಿ. ನಾನು ಬಂದಿದ್ದು ಕೋವಿ ಆರಿಸೋದಕ್ಕೆ."

"ಹನ್ನೆರಡು ದಿನದಿಂದ ಅದನ್ನೇ ಮಾಡ್ತಿದೀಯ," ಎಂದರು ಅಯ್ಯನವರು. "ನನ್ನ ಹತ್ತಿರ ಮೂರು ಕೋವಿ ಇವೆ. ಅವುಗಳ ತೂಕದ ಮೂರು ಬಗೆ ಕಲ್ಲು ಹೊತ್ತಿದೀಯ. ಯಾವ ಕಲ್ಲಿನ ದಿನ ದಾರ ಬೇಗ ಹೋಯ್ತು?"

ಚೌಡ ಯೋಚಿಸಿದ. "ಸಣ್ಣ ಕಲ್ಲಿನ ದಿನ."

"ನೆಲದ ಮೇಲೆ ನಿಂತು ಎತ್ತಿ ನೋಡಿದರೆ ಮೂರೂ ಹಗುರವೇ."

ಅವನಿಗೆ ಉತ್ತರ ಹಿಡಿಸಿತು. ಆದರೆ ಆ ಗೋಡೆ ಯಾರ ಕಲ್ಲಿನಿಂದ ಎದ್ದದ್ದು, ಅದನ್ನು ಮುದುಕ ಹೇಳಲಿಲ್ಲ ಎಂಬುದನ್ನೂ ಗಮನಿಸಿದ.

ಆ ಸಂಜೆ ಅಯ್ಯನವರು ಮೂರು ಕೋವಿಗಳನ್ನೂ ಚಾಪೆಯ ಮೇಲೆ ಇಟ್ಟರು.

ಒಂದು ಉದ್ದ ನಳಿಗೆಯದು, ಒನಕೆಯಷ್ಟು ಭಾರ. ಇನ್ನೊಂದು ನಡುತರದ್ದು. ಮೂರನೆಯದು ಜಿಂಕೆಚರ್ಮದ ಚೀಲದಲ್ಲಿತ್ತು. ತೆಳು ನಳಿಗೆ, ಕೈಗೆ ನುಣುಪಾದ ಅಕ್ರೋಟಿನ ಮರದ ಹಿಡಿ. ಅದರ ಬೆನ್ನ ಮೇಲೆ ಒಂದು ಗೇಣುದ್ದದ ದುರ್ಬೀನು ಕೂತಿತ್ತು.

ಚೌಡನ ಕೈ ನೇರ ಅಲ್ಲಿಗೇ ಹೋಯಿತು.

"ಅದೊಂದನ್ನ ಮುಟ್ಟಬೇಡ," ಎಂದರು ಅಯ್ಯನವರು.

"ಯಾಕೆ?"

"ಇಂಥ ಕೋವಿ ಈ ಸೀಮೆಯಲ್ಲಿ ಇನ್ನೊಂದಿಲ್ಲ. ಇದಕ್ಕೆ ತುಂಬೋ ತೋಟೆ ಕೂಡ ಅರಮನೆಯಿಂದಲೇ ಬರಬೇಕು."

ಅದು ಉತ್ತರವಲ್ಲ ಎಂದು ಚೌಡನಿಗೆ ಅನ್ನಿಸಿತು. ಕಲ್ಲು ಹೊರಿಸಿ ಸಣ್ಣದೇ ಒಳ್ಳೆಯದು ಎಂದು ಬಾಯಿ ಬಿಡಿಸಿದ್ದು ಇವರೇ. ಈಗ ಮುಟ್ಟಬೇಡ ಎನ್ನುವವರೂ ಇವರೇ.

ಆಮೇಲೆ ದಿನಾ ನೋಡಿದ. ಭಾರದ ಕೋವಿಗಳನ್ನು ಒರೆಸುವ ಕೆಲಸ ಅವನದು. ಹಗುರ ಕೋವಿಯನ್ನು ಮಾತ್ರ ಅಯ್ಯನವರೇ, ಹೊಳೆಯ ಕಡೆ ಮುಖ ಮಾಡಿ ಕೂತು, ಒರೆಸುವರು. ಅದನ್ನು ಒರೆಸುವಾಗ ಯಾರೊಡನೆಯೂ ಮಾತಾಡರು.

ಯಾರಿಗಾಗಿ ಕಾದಿಟ್ಟಿದ್ದಾರೆ, ಅಂದುಕೊಂಡ ಚೌಡ.

ಆಶ್ರಮಕ್ಕೆ ದಿನಾ ಮಧ್ಯಾಹ್ನ ಪುಟ್ಟತಾಯಮ್ಮ ಎಂಬ ಮುದುಕಿ ಮುದ್ದೆ, ಸೊಪ್ಪಿನ ಸಾರು ತರುತ್ತಿದ್ದಳು. ಹೊಳೆಯಾಚೆ ಹಾಡಿಯವಳು. ಒಂದು ದಿನ ಚೌಡ ಅವಳ ತಟ್ಟೆ ತೊಳೆದುಕೊಡುವ ನೆಪದಲ್ಲಿ ಹಿಂದೆ ಹೋದ.

"ಅವ್ವಾ, ನನಗಿಂತ ಮೊದಲು ಇಲ್ಲಿ ಯಾರಿದ್ದರು?"

"ಬೊಮ್ಮಣ್ಣ ಅಂತ ಒಬ್ಬ ಇದ್ದ."

"ಏನಾದ?"

"ಹೋದ."

"ಹುಲಿ ಹೊಡೆಯೋದಕ್ಕೆ ಹೋದನಾ?"

"ಅದಕ್ಕೆ ಅಂತಲೇ ಬಂದಿದ್ದ. ಒಳ್ಳೆ ಗುರಿಕಾರ. ಒಂದು ದಿನ ಅಯ್ನೋರ ಜೊತೆ ಕೂತು ಏನೋ ಮಾತಾಡಿದ. ಮಾರನೆ ದಿನ ನಾನು ಮುದ್ದೆ ತರೋ ಹೊತ್ತಿಗೆ ಇರಲಿಲ್ಲ."

"ಏನು ಮಾತಾಡಿದರು?"

ಪುಟ್ಟತಾಯಮ್ಮ ತಟ್ಟೆ ಕಿತ್ತುಕೊಂಡಳು. "ನೀನು ಉಂಡ ಮೇಲೆ ಬಾಯಿ ತೊಳಿ. ನನ್ನ ಬಾಯಿ ಯಾಕೆ ತೊಳಿತೀಯ?"

ಚೌಡ ಆ ದಿನದಿಂದ ಅಯ್ಯನವರ ಬೆನ್ನನ್ನೂ ಕಣ್ಣಿಟ್ಟು ನೋಡತೊಡಗಿದ.

ಗುರಿಯ ಪಾಠ ಮಾತ್ರ ನಡೆದೇ ಇತ್ತು. ನಡುತರದ ಕೋವಿಯ ಮೇಲೆ ಒಂದು ಚಿಕ್ಕ ದುರ್ಬೀನು ಕೂರಿಸಿ, ಇನ್ನೂರು ಗಜ ದೂರದ ಬಂಡೆಗೆ ಸುಣ್ಣದ ಬೊಟ್ಟಿಟ್ಟು ಹೊಡೆಯುವುದು. ಉಸಿರು ಅರ್ಧ ಬಿಟ್ಟು ನಿಲ್ಲಿಸುವುದು. ಹುಲ್ಲು ಯಾವ ಕಡೆ ಬಾಗುತ್ತದೆ ಎಂದು ನೋಡಿ ಗಾಳಿ ಅಳೆಯುವುದು.

ಹತ್ತು ದಿನದಲ್ಲಿ ಚೌಡನ ಗುಂಡುಗಳು ಬೊಟ್ಟಿನ ಸುತ್ತ ಕೂರತೊಡಗಿದವು. ಹನ್ನೊಂದನೆಯ ದಿನ ಎಲ್ಲವೂ ಒಂದು ಮೊಳ ಎಡಕ್ಕೆ ಹೋದವು.

"ಗಾಳಿ," ಎಂದ ಚೌಡ.

"ಹುಲ್ಲು ಅಲ್ಲಾಡೋ ಸದ್ದಿಲ್ಲ."

"ಕೈ ನಡುಗಿರಬೇಕು."

"ನಡುಗಿದ ಕೈ ಎಲ್ಲವನ್ನೂ ಒಂದೇ ಕಡೆ ಹಾಕೋದಿಲ್ಲ."

ಚೌಡ ದುರ್ಬೀನಿನ ಬದಿಯ ತಿರುಪನ್ನು ನೋಡಿದ. ಅದನ್ನು ಒಂದು ಕೂದಲೆಳೆಯಷ್ಟು ತಿರುಗಿಸಿದರೂ ಗುಂಡು ಬೇರೆ ಕಡೆ ಬೀಳುತ್ತದೆ ಎಂಬುದು ಅವನಿಗೆ ಗೊತ್ತಿತ್ತು. ಮಾತಾಡದೆ ಸರಿಮಾಡಿಕೊಂಡ. ಸರಿಮಾಡಿದ ಮೇಲೆ ತಿರುಪಿನ ಮೇಲೂ ಅದರ ಪಕ್ಕದ ಲೋಹದ ಮೇಲೂ ಸೇರುವ ಹಾಗೆ ಉಗುರ ತುದಿಯಿಂದ ಸುಣ್ಣದ ಒಂದು ಗೆರೆ ಎಳೆದ. ಯಾರಿಗೂ ಕಾಣದಷ್ಟು ತೆಳುವಾಗಿ.

ಬೆಳಗ್ಗೆ ನೋಡಿದರೆ ಗೆರೆ ಎರಡು ತುಂಡಾಗಿ ಅತ್ತೊಂದು ಇತ್ತೊಂದು ನಿಂತಿತ್ತು.

ಚೌಡ ಕೋವಿ ಹಿಡಿದು ನೇರ ಮಂಟಪಕ್ಕೆ ಹೋದ. "ಇದನ್ನ ಯಾರೋ ತಿರುಗಿಸಿದ್ದಾರೆ."

"ನಾನೇ," ಎಂದರು ಅಯ್ಯನವರು. "ನಿನ್ನೆಯೂ ನಾನೇ."

ಇಷ್ಟು ಸುಲಭವಾಗಿ ಒಪ್ಪಿಕೊಳ್ಳುತ್ತಾರೆ ಎಂದು ಅವನು ಅಂದುಕೊಂಡಿರಲಿಲ್ಲ. "ನಾನು ಕಲಿಯಬಾರದು ಅಂತಲೇ?"

"ಬೆಟ್ಟದಲ್ಲಿ ಅದು ಬಂಡೆಗೆ ತಾಗಿ ತಿರುಗುತ್ತೆ. ಕೊಂಬೆಗೆ ಸಿಕ್ಕಿ ತಿರುಗುತ್ತೆ. ಅಲ್ಲಿ ಬೈಯೋದಕ್ಕೆ ನಿನಗೆ ಯಾರೂ ಸಿಗೋದಿಲ್ಲ."

ಚೌಡ ತಿರುಪನ್ನು ಮತ್ತೆ ಸರಿಮಾಡಿಕೊಂಡ. ಮಾತು ಸರಿಯಾಗಿಯೇ ಇತ್ತು. ಈ ಮುದುಕನ ಪ್ರತಿ ಮಾತೂ ಸರಿಯಾಗಿರುವುದೇ ಅವನಿಗೆ ಇನ್ನಷ್ಟು ಅನುಮಾನ ತಂದಿತು.

ಒಂದು ಬೆಳಗ್ಗೆ ಅಯ್ಯನವರು ಸ್ನಾನಕ್ಕೆ ಹೊಳೆಗೆ ಇಳಿದಿದ್ದರು. ಚೌಡ ಗುಡಿಸಲೊಳಗೆ ಹೋಗಿ ಜಿಂಕೆಚರ್ಮದ ಚೀಲ ಬಿಚ್ಚಿದ.

ಕೋವಿ ಕೈಗೆ ಬಂದದ್ದೇ ಗೊತ್ತಾಗಲಿಲ್ಲ. ಒಂದು ತೋಟೆ ತುಂಬಿ, ಹೊರಗೆ ಬಂದು, ಮುನ್ನೂರು ಗಜ ದೂರದ ಒಣಮರದ ಗಂಟಿಗೆ ಗುರಿ ಇಟ್ಟ. ದುರ್ಬೀನಿನಲ್ಲಿ ಗಂಟಿನ ಮೇಲೆ ಹರಿಯುವ ಕಟ್ಟಿರುವೆ ಕಾಣಿಸುತ್ತಿತ್ತು. ಹೊಡೆದ.

ಹಗುರ ಕೋವಿ ಹೇಸರಗತ್ತೆಯ ಹಾಗೆ ಒದೆಯಿತು. ದುರ್ಬೀನಿನ ಅಂಚು ಹುಬ್ಬಿಗೆ ಬಡಿದು ಚರ್ಮ ಸೀಳಿತು. ಆದರೆ ಗಂಟು ಚೂರಾಗಿ ಹಾರಿಹೋಗಿತ್ತು.

ಅಯ್ಯನವರು ಒದ್ದೆ ಬಟ್ಟೆಯಲ್ಲೇ ಮೇಲೆ ಬಂದರು.

"ಎಷ್ಟು ಗುಂಡು?"

"ಒಂದು," ಎಂದ ಚೌಡ. ಹುಬ್ಬಿನ ನೆತ್ತರು ಕಣ್ಣಿಗೆ ಇಳಿಯುತ್ತಿತ್ತು.

"ತಾಗಿತಾ?"

"ಒಂದೇ ಗುಂಡಿಗೆ. ಮುನ್ನೂರು ಗಜ."

ಅಯ್ಯನವರ ಮುಖ ಇಳಿದುಹೋಯಿತು. "ಹಾಗಾದರೆ ಕಷ್ಟ," ಎಂದು ಗುಡಿಸಲೊಳಗೆ ಹೋದರು.

ಬೈಗುಳಕ್ಕೆ ಸಿದ್ಧನಾಗಿದ್ದ ಚೌಡನಿಗೆ ಇದು ಅರ್ಥವಾಗಲಿಲ್ಲ. ಶಿಷ್ಯನ ಗುಂಡು ಗುರಿಗೆ ತಾಗಿದರೆ ಯಾವ ಗುರು ದುಃಖಪಡುತ್ತಾನೆ? ಹುಲಿ ಸಾಯುವುದು ಈ ಮುದುಕನಿಗೆ ಬೇಡವೇನೋ. ಹುಲಿ ಇರುವವರೆಗೆ ಅರಮನೆಯಿಂದ ಕೋವಿ ಬರುತ್ತದೆ, ತೋಟೆ ಬರುತ್ತದೆ, ಮರ್ಯಾದೆ ಬರುತ್ತದೆ. ಹೀಗೆಲ್ಲ ಅವನ ತಲೆ ಓಡಿತು. ಬೊಮ್ಮಣ್ಣನಿಗೂ ಇದೇ ಗೊತ್ತಾಗಿರಬೇಕು ಅಂದುಕೊಂಡ.

ಹುಬ್ಬಿನ ಗಾಯ ಮಾಯುವ ಹೊತ್ತಿಗೆ ಅಯ್ಯನವರು ಮೂರು ಕೋವಿಗಳನ್ನೂ ಮತ್ತೆ ಚಾಪೆಯ ಮೇಲಿಟ್ಟರು.

"ನಾಳೆ ಹೊರಡು. ಆರಿಸಿಕೊ."

"ಯಾವುದನ್ನ ಬೇಕಾದರೂ?"

"ಯಾವುದನ್ನ ಬೇಕಾದರೂ."

ಚೌಡ ಅವರ ಮುಖ ನೋಡುತ್ತಲೇ ಹಗುರ ಕೋವಿಯ ಮೇಲೆ ಕೈ ಇಟ್ಟ. ತಡೆಯುತ್ತಾರೆ ಎಂದು ಕಾದ. ಅವರು ತಡೆಯಲಿಲ್ಲ.

"ದುರ್ಬೀನು?"

"ಇದೇ ಇರಲಿ. ದೊಡ್ಡದೇ," ಎಂದ ಚೌಡ.

ಅಯ್ಯನವರು ಒಳಗೆ ಹೋಗಿ ಐದು ತೋಟೆ ತಂದು ಅವನ ಅಂಗೈಯಲ್ಲಿಟ್ಟರು. ಜೊತೆಗೆ ನೀರಿನ ಇನ್ನೊಂದು ಬುರುಡೆ.

"ಕೋವಿಯಲ್ಲಿ ಉಳಿಸಿದ ಭಾರ ಇದು. ನೀರು ಹೊತ್ಕೊಂಡು ಹೋಗು."

"ಹೇಳೋದು ಬೇರೆ ಏನಾದರೂ ಇದೆಯಾ ಅಯ್ಯಾ?" ಎಂದ ಚೌಡ. ಬೇಕೆಂದೇ ಕೇಳಿದ.

ಅಯ್ಯನವರು ಹೊಳೆಯ ಕಡೆ ನೋಡಿದರು.

"ಬಂದ ಮೇಲೆ ಹೇಳ್ತೀನಿ."

ಏರು ಕೆಟ್ಟದಾಗಿತ್ತು. ಮೊದಲ ದಿನ ಕುರುಚಲು ಮುಳ್ಳು, ಎರಡನೆಯ ದಿನ ಬರೀ ಕಲ್ಲು. ಆದರೆ ಬೆನ್ನ ಮೇಲೆ ಕೋವಿ ಇದೆ ಎಂಬುದೇ ಎಷ್ಟೋ ಸಲ ಮರೆತುಹೋಗುತ್ತಿತ್ತು. ಎರಡನೆಯ ದಿನ ಸಂಜೆ ಒಂದು ಕಡೆ ಕಾಲು ಜಾರಿ ಬೆನ್ನು ಬಂಡೆಗೆ ಬಡಿಯಿತು. ಎದ್ದು ನೋಡಿದ. ದುರ್ಬೀನು ಒಡೆದಿರಲಿಲ್ಲ.

ಮೂರನೆಯ ದಿನ ಬೆಳಗ್ಗೆ ಅವನು ಕೋಣನ ಕಮರಿಯ ಅಂಚಿನಲ್ಲಿ ಹೊಟ್ಟೆಯ ಮೇಲೆ ಮಲಗಿದ್ದ.

ಬಿಸಿಲು ಎದುರು ದಡಕ್ಕೆ ಬಿತ್ತು. ಬಂಡೆಯ ಮೇಲೆ ಏನೋ ಹೊರಳಿತು.

ಚೌಡ ದುರ್ಬೀನಿಗೆ ಕಣ್ಣು ಕೊಟ್ಟ. ಹುಲಿ ಪಕ್ಕಕ್ಕೆ ಮಲಗಿತ್ತು. ಒಂದು ಕಿವಿ ಹರಿದಿತ್ತು. ಮೀಸೆಯ ಬಿಳಿ ಕೂದಲುಗಳನ್ನು ಒಂದೊಂದಾಗಿ ಎಣಿಸಬಹುದಿತ್ತು. ಅದು ಉಸಿರಾಡಿದಾಗ ಪಕ್ಕೆ ಏಳುವುದು ಇಳಿಯುವುದು ಕಾಣುತ್ತಿತ್ತು. ಅವನ ಬೆರಳು ಕೋವಿಯ ಕುದುರೆಯ ಮೇಲೆ ಹೋಯಿತು. ಅಕ್ಕನ ಹೆಸರು ಬಾಯಿಗೆ ಬಂತು.

ಅರ್ಧ ಉಸಿರು ಬಿಟ್ಟು ನಿಲ್ಲಿಸಿದ.

ಆಗ ಅವನ ಹಳೆಯ ಅನುಮಾನ ಎದ್ದು ಕೂತಿತು. ಹೊರಡುವ ಮುನ್ನ ಮುದುಕ ಈ ತಿರುಪನ್ನು ತಿರುಗಿಸಿದ್ದರೆ? ತಿರುಗಿಸದಿದ್ದರೂ, ನಿನ್ನೆ ಸಂಜೆ ಬಂಡೆಗೆ ಬಡಿದದ್ದು? ಈಗ ಒಂದು ಗುಂಡು ಹೊಡೆದು ಪರೀಕ್ಷಿಸುವ ಹಾಗಿಲ್ಲ. ಈ ದುರ್ಬೀನು ಸತ್ಯ ಹೇಳುತ್ತಿದೆ ಎಂಬುದಕ್ಕೆ ಏನು ಸಾಕ್ಷಿ?

ಅವನು ದುರ್ಬೀನಿನಿಂದ ಕಣ್ಣು ತೆಗೆದು ಬರಿಗಣ್ಣಿನಿಂದ ನೋಡಿದ. ಕಮರಿಯ ಆಚೆ, ಬಂಡೆಯ ಮೇಲೆ, ಒಂದು ಬೆಂಕಿಕಡ್ಡಿಯ ತಲೆಯಷ್ಟು ಬಣ್ಣ ಇತ್ತು. ನಾನೂರು ಗಜವೋ, ಅದಕ್ಕೂ ಹೆಚ್ಚೋ.

ಚೌಡ ಬೆರಳು ಹಿಂದಕ್ಕೆ ತೆಗೆದ.

ದುರ್ಬೀನನ್ನು ಬಿಚ್ಚಿ ಕಂಬಳಿಯಲ್ಲಿ ಸುತ್ತಿ ಗಂಟಿನ ಜೊತೆ ಬಂಡೆಯ ಸಂದಿಗೆ ತುರುಕಿದ. ನೀರು ಕುಡಿದ. ಚಪ್ಪಲಿಯನ್ನೂ ಅಲ್ಲೇ ಬಿಟ್ಟು, ಗಾಳಿ ಮುಖಕ್ಕೆ ಬರುವ ಕಡೆಯಿಂದ ಕಮರಿಗೆ ಇಳಿಯತೊಡಗಿದ.

ಇಳಿದು, ಒಣಗಿದ ತೊರೆ ದಾಟಿ, ಎದುರು ದಡ ಹತ್ತುವಷ್ಟರಲ್ಲಿ ಬಿಸಿಲು ಏರಿತ್ತು. ಕೊನೆಯ ಹತ್ತು ಮಾರು ಅವನು ಬೇರು ಹಿಡಿದು ಒಂದು ಕೈಯಲ್ಲಿ ಏರಿದ. ಇನ್ನೊಂದು ಕೈಯಲ್ಲಿ ಕೋವಿ ಇತ್ತು. ಒನಕೆಯಷ್ಟು ಭಾರದ್ದಾಗಿದ್ದರೆ ಅಲ್ಲಿಂದಲೇ ಉರುಳುತ್ತಿದ್ದ.

ತಲೆ ಎತ್ತಿ ನೋಡಿದರೆ ಬಂಡೆ ಖಾಲಿ.

ಹುಲಿ ಮಲಗಿದ್ದ ಜಾಗ ಇನ್ನೂ ನಾರುತ್ತಿತ್ತು. ಚೌಡ ಬೆನ್ನನ್ನು ಕಲ್ಲಿಗೆ ಒತ್ತಿಕೊಂಡು ನಿಂತ. ಮುಂದೆ ಇಲ್ಲ ಎಂದರೆ ಮೇಲೆ ಇರಬೇಕು. ಮೇಲೆ ಇಲ್ಲ ಎಂದರೆ ಬಂದ ದಾರಿಯಲ್ಲೇ ಹಿಂದೆ ಇರಬೇಕು. ಅವನು ಪೊದೆಯನ್ನು ಅನುಮಾನಿಸಿದ, ನೆರಳನ್ನು ಅನುಮಾನಿಸಿದ, ಕೊನೆಗೆ ತನ್ನ ಉಸಿರಿನ ಸದ್ದನ್ನೂ ಅನುಮಾನಿಸಿದ.

ಮೇಲಿನ ಮರದಲ್ಲಿ ಮುಸುವ ಒಂದು ಕೆಮ್ಮಿತು.

ಹುಲಿ ಬಂಡೆಯ ಮಗ್ಗುಲಿನಿಂದ ಕುಂಟುತ್ತ ಇಳಿದು ಬರುತ್ತಿತ್ತು. ಮೂವತ್ತು ಹೆಜ್ಜೆ. ಅದೂ ಅವನನ್ನು ಕಂಡಿತು. ಎರಡೂ ಕಿವಿ ಹಿಂದಕ್ಕೆ ಹೋದವು.

ಹಗುರ ಕೋವಿ ತಾನೇ ಹೆಗಲಿಗೆ ಬಂತು. ನಳಿಗೆಯ ತುದಿಯ ಮಣಿ ಹುಲಿಯ ಎದೆಯ ನಡುವೆ ನಿಂತಿತು. ಚೌಡ ಹೊಡೆದ. ಹುಲಿ ಕುಸಿದು, ಎದ್ದು, ಇನ್ನೂ ಹತ್ತು ಹೆಜ್ಜೆ ಬಂತು. ಎರಡನೆಯ ಗುಂಡಿಗೆ ಬಿದ್ದದ್ದು ಏಳಲಿಲ್ಲ.

ಅವನು ಬಹಳ ಹೊತ್ತು ಹತ್ತಿರ ಹೋಗಲಿಲ್ಲ. ಸತ್ತದ್ದನ್ನೂ ನಂಬಲಿಲ್ಲ. ನೊಣ ಕಣ್ಣಿನ ಮೇಲೆ ಕೂತ ಮೇಲೆ ಹೋದ.

ಸಂತೋಷವಾಗುತ್ತದೆ ಎಂದುಕೊಂಡಿದ್ದ. ಆಗಲಿಲ್ಲ. ಹುಲಿ ಮುದಿಯಾಗಿತ್ತು. ಪಕ್ಕೆಯ ಎಲುಬು ಎದ್ದಿತ್ತು. ಎಡ ಮುಂಗಾಲು ಒಣಗಿದ ಕೊಂಬೆಯ ಹಾಗೆ ಸೊರಗಿತ್ತು.

ಎಡ ಹೆಗಲ ಹಿಂದೆ, ಚರ್ಮದ ಕೆಳಗೆ, ಬೆರಳಿಗೆ ಗಟ್ಟಿಯಾಗಿ ಏನೋ ಸಿಕ್ಕಿತು. ಚೌಡ ಚಾಕುವಿನಿಂದ ಸೀಳಿ ತೆಗೆದ. ಹಳೆಯ ಗುಂಡು. ತುದಿ ಸ್ವಲ್ಪ ಸೊಟ್ಟಗಾಗಿತ್ತು.

ಪರದೇಶದ ದೊರೆಯದ್ದು, ಎಂದು ಅದನ್ನು ಎಸೆಯಹೋದವನು ನಿಂತ. ಒರೆಸಿ ನೋಡಿದ. ಸೊಂಟದಿಂದ ಒಂದು ತೋಟೆ ತೆಗೆದು ಪಕ್ಕದಲ್ಲಿ ಹಿಡಿದ. ಅದೇ ತಾಮ್ರ. ಅದೇ ದಪ್ಪ. ಬುಡದ ಕಡೆ ಅದೇ ಎರಡು ಗೀರು. ಗುಂಡಿನ ಬುಡವನ್ನು ಹಗುರ ಕೋವಿಯ ನಳಿಗೆಯ ಬಾಯಿಗೆ ಇಟ್ಟ. ಬೆರಳಿಗೆ ಉಂಗುರ ಕೂತ ಹಾಗೆ ಕೂತಿತು.

ಇಂಥ ಕೋವಿ ಈ ಸೀಮೆಯಲ್ಲಿ ಇನ್ನೊಂದಿಲ್ಲ.

ಚೌಡ ಹುಲಿಯ ಪಕ್ಕದಲ್ಲೇ ಕೂತ.

ಇಳಿಯುವ ದಾರಿಯಲ್ಲಿ ಅವನು ಎಲ್ಲೂ ನಿಲ್ಲಲಿಲ್ಲ. ಮುಟ್ಟಬೇಡ ಎಂದದ್ದು, ಮುಖ ತಿರುಗಿಸಿ ಒರೆಸುತ್ತಿದ್ದದ್ದು, ಬೊಮ್ಮಣ್ಣ ಹೇಳದೆ ಹೋದದ್ದು, ಎಲ್ಲ ಒಂದಕ್ಕೊಂದು ಸೇರಿಕೊಂಡವು. ಸೊಂಟದ ತೋಟೆಯನ್ನೂ ಸೇರಿಸಿ ಕೋವಿಯಲ್ಲಿ ಈಗ ಮೂರು ತೋಟೆ ಇತ್ತು. ಅವನ್ನು ಅವನು ತೆಗೆಯಲಿಲ್ಲ. ಯಾಕೆ ತೆಗೆಯಲಿಲ್ಲ ಎಂದು ತನ್ನನ್ನು ಕೇಳಿಕೊಳ್ಳಲೂ ಇಲ್ಲ.

ಹೊಳೆಯ ಕಡವಿನಲ್ಲಿ ಪುಟ್ಟತಾಯಮ್ಮ ಬಟ್ಟೆ ಒಗೆಯುತ್ತಿದ್ದಳು. ಅವನ ಮುಖ ಕಂಡು ಕೈ ನಿಲ್ಲಿಸಿದಳು.

"ಸತ್ತಿತಾ?"

"ಸತ್ತಿತು."

ಅವಳು ಒದ್ದೆ ಬಟ್ಟೆಯನ್ನೇ ಮುಖಕ್ಕೆ ಒತ್ತಿಕೊಂಡಳು. "ಅದಕ್ಕೆ ಸಿಕ್ಕವರಲ್ಲಿ ನನ್ನ ಮಗ ಮೂರನೆಯವನು ಕಣಪ್ಪಾ," ಎಂದಳು.

ಚೌಡ ಅಂಗೈ ಬಿಚ್ಚಿ ಗುಂಡು ತೋರಿಸಿದ. "ನಿಮಗೆ ಗೊತ್ತಿತ್ತಾ?"

ಅವಳು ಒದ್ದೆ ಬೆರಳಿನಿಂದ ಅದನ್ನು ಮುಟ್ಟಿದಳು. "ಗೊತ್ತಿತ್ತು."

"ಗೊತ್ತಿದ್ದೂ ಅವರಿಗೆ ಮುದ್ದೆ ಹಾಕಿದಿರಾ? ನಾಲ್ಕು ವರ್ಷ?"

"ಅವರೂ ಸತ್ತುಹೋದರೆ ಹೇಳಿಕೊಡೋರು ಯಾರಪ್ಪಾ?" ಎಂದಳು ಪುಟ್ಟತಾಯಮ್ಮ. "ಮೊದಮೊದಲು ಕಲ್ಲು ಹಾಕಿ ಸಾಯಿಸಬೇಕು ಅಂತಲೇ ಬರ್ತಿದ್ದೆ. ಬಂದು ನೋಡಿದರೆ ಉಣ್ಣದೆ ಕೂತಿರೋರು."

ಚೌಡ ಹೊಳೆ ದಾಟಿದ.

ಅಯ್ಯನವರು ಮಂಟಪದ ಮೆಟ್ಟಿಲ ಮೇಲೆ ಕೂತಿದ್ದರು. ಹೆಜ್ಜೆಯ ಸದ್ದಿಗೆ ಮುಖ ಎತ್ತಿದರು. ಬಂದವನು ಯಾರೆಂದು ತಿಳಿಯಲು ಕಣ್ಣು ಕಿರಿದು ಮಾಡಬೇಕಾಯಿತು. ಅವರ ಎರಡೂ ಕಣ್ಣಿನಲ್ಲಿ ಹಾಲಿನಂಥ ಪೊರೆ ಇದ್ದದ್ದನ್ನು ಚೌಡ ಅಂದೇ ನೋಡಿದ. ಇಷ್ಟು ದಿನ ಅವರ ಕೈಗಳನ್ನು, ಬೆನ್ನನ್ನು ಮಾತ್ರ ಕಾಯುತ್ತಿದ್ದ.

ಅವನು ಗುಂಡನ್ನು ಅವರ ಅಂಗೈಯಲ್ಲಿ ಇಟ್ಟ.

ಅಯ್ಯನವರು ಬೆರಳಿಂದ ಸವರಿದರು. ಯಾರದೆಂದು ಕೇಳಲಿಲ್ಲ.

"ಎಲ್ಲಿತ್ತು?"

"ಎಡ ಹೆಗಲ ಹಿಂದೆ."

"ಕಮರಿಯ ಈಚೆಯಿಂದ ಹೊಡೆದದ್ದು. ಒಂದು ಗೇಣು ಹಿಂದಕ್ಕೆ ಬಿತ್ತು," ಎಂದರು ಅಯ್ಯನವರು.

"ಪರದೇಶದ ದೊರೆ ಅಂತ ಜನಕ್ಕೆ ಹೇಳಿದ್ದು ನೀವೇನಾ?"

"ಜನ ಅಂದುಕೊಂಡರು. ನಾನು ಅಲ್ಲ ಅನ್ನಲಿಲ್ಲ."

"ನೀವೇ ಹೋಗಿ ಮುಗಿಸಬಹುದಾಗಿತ್ತು."

"ಒಂಬತ್ತು ಸಲ ಹತ್ತಿದೆ. ಹತ್ತನೆಯ ಸಲ ಬಂಡೆ ಯಾವುದು ಹುಲಿ ಯಾವುದು ಅಂತ ಕಾಣಲಿಲ್ಲ."

"ಮೊದಲೇ ಯಾಕೆ ಹೇಳಲಿಲ್ಲ?"

"ಬೊಮ್ಮಣ್ಣನಿಗೆ ಹೇಳಿದೆ. ನಿನ್ನ ಹತ್ತಿರ ಕಲಿಯೋದಿಲ್ಲ ಅಂತ ಹೊರಟುಹೋದ. ಅವನದು ತಪ್ಪಲ್ಲ. ಅವನು ಹೋದ ಮೇಲೆ ನಾಲ್ಕು ಜನ ಹೋದರು."

"ನಾಲ್ಕನೆಯವಳು ನನ್ನ ಅಕ್ಕ."

"ಲಕ್ಕವ್ವ," ಎಂದರು ಅಯ್ಯನವರು.

ಅಕ್ಕನ ಹೆಸರನ್ನು ಚೌಡ ಅವರಿಗೆ ಎಂದೂ ಹೇಳಿರಲಿಲ್ಲ.

ಅಯ್ಯನವರು ಉಳಿದ ಹತ್ತು ಹೆಸರುಗಳನ್ನೂ ಹೇಳಿದರು. ಯಾವ ಹಾಡಿ, ಯಾರ ಮಗ, ಯಾರ ಹೆಂಡತಿ, ಎಲ್ಲವನ್ನೂ ನಿಧಾನವಾಗಿ, ಒಂದೂ ತಪ್ಪದೆ ಹೇಳಿದರು. ಆಮೇಲೆ ಕೈಗಳನ್ನು ತೊಡೆಯ ಮೇಲೆ ಇಟ್ಟುಕೊಂಡು, ಚೌಡನ ಕೋವಿ ಇದ್ದ ಕಡೆಗೇ ಮುಖ ಮಾಡಿ ಕೂತರು.

ಚೌಡ ನಿಂತೇ ಇದ್ದ. ಹೊಳೆಯಾಚೆ ಪುಟ್ಟತಾಯಮ್ಮ ಬಟ್ಟೆ ಒಗೆಯುವ ಸದ್ದು ಮತ್ತೆ ಶುರುವಾಯಿತು.

ಅವನು ಕೋವಿಯ ಬಾಯಿ ನೆಲಕ್ಕೆ ತಿರುಗಿಸಿ ಮೂರು ತೋಟೆಗಳನ್ನೂ ಒಂದೊಂದಾಗಿ ಹೊರಗೆ ತೆಗೆದ. ಮೆಟ್ಟಿಲ ಮೇಲೆ ಇಟ್ಟ. ಆಮೇಲೆ ತಾನೂ ಅವರಿಗಿಂತ ಒಂದು ಮೆಟ್ಟಿಲು ಕೆಳಗೆ ಕೂತ.

"ನಿಮಗೆ ಗುರಿ ಗೊತ್ತಿತ್ತು," ಎಂದ. "ಗಾಳಿ ಗೊತ್ತಿತ್ತು. ಅಷ್ಟು ದೂರದಿಂದ ಯಾಕೆ ಹೊಡೆದಿರಿ?"

ಅಯ್ಯನವರು ಗುಂಡನ್ನು ಇನ್ನೊಂದು ಕೈಗೆ ಬದಲಿಸಿದರು.

"ದುರ್ಬೀನಿನಲ್ಲಿ ತುಂಬಾ ಹತ್ತಿರ ಇತ್ತು," ಎಂದರು.